ಬಾಡಿಗೆಯ ಮನೆಯಲ್ಲಿ ಎರಡನೆಯ ನಾಯಿ



ಬಾಡಿಗೆಯ ಮನೆಗೆ ಕಾಲಿಡುವ ದಿನ, "ನಮ್ಮ ಸಂಗಡ ಒಂದು ನಾಯಿಯುಂಟು, ಒಂದೇ" ಎಂದು ವಿನಯದಿಂದ ಅರಿಕೆ ಮಾಡಿಕೊಂಡು ಮನೆಯೊಡೆಯರ ಸಮ್ಮತಿಯನ್ನು ಪಡೆದ ಕುಟುಂಬವೊಂದು, ಎರಡು ಮಳೆಗಾಲಗಳು ಕಳೆಯುವಷ್ಟರಲ್ಲಿ, ರಸ್ತೆಯ ಬದಿಯ ತೋಡಿನಲ್ಲಿ ನೆನೆದು ನಡುಗುತ್ತಿದ್ದ ಮರಿಯನ್ನು ಮಕ್ಕಳು ಎತ್ತಿ ತಂದರೆಂದೋ, ಇದ್ದ ನಾಯಿಗೆ ಜೊತೆಯಿಲ್ಲವೆಂದೋ, ಮುಂಬಯಿಯ ಮಗನ ಮನೆಗೆ ಹೊರಟ ನೆಂಟರು ತಮ್ಮ ಬೆಕ್ಕನ್ನು ಒಪ್ಪಿಸಿಹೋದರೆಂದೋ ಕಾರಣವನ್ನು ಮುಂದಿರಿಸಿ, ಇನ್ನೊಂದು ಪ್ರಾಣಿಗೆ ಅನುಮತಿಯನ್ನು ಬೇಡುವ ಸಂದರ್ಭವು ಈಚೆಗೆ ನಮ್ಮ ಕಡೆಯ ಪೇಟೆಗಳಲ್ಲಿ ಪದೇಪದೇ ಒದಗುತ್ತಿದೆ. ಮೊದಲನೆಯದಕ್ಕೆ ಯೋಚಿಸದೆ 'ಆಗಲಿ' ಎಂದಿದ್ದ ಒಡೆಯರು ಎರಡನೆಯದಕ್ಕೆ ತಡವರಿಸುತ್ತಾರೆ. ಬಾಡಿಗೆದಾರನೋ, ಒಂದಕ್ಕೆ ಒಪ್ಪಿದವರು ಎರಡಕ್ಕೆ ಒಪ್ಪಲಾರರೇ ಎಂಬ ಭರವಸೆಯಿಂದ ಮರಿಯನ್ನು ಆಗಲೇ ಒಳಗೆ ಬಿಟ್ಟುಕೊಂಡಿರುತ್ತಾನೆ. ಈ ವಿಜ್ಞಾಪನೆಯನ್ನು ಹೇಗೆ ಪರಾಮರ್ಶಿಸಬೇಕು, ನಿರಾಕರಿಸುವುದಾದರೆ ಯಾವಾಗ ನಿರಾಕರಿಸಬೇಕು ಎಂಬುದನ್ನು ಕುರಿತು, ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಗಳನ್ನು ಕಣ್ಣಮುಂದೆ ಇರಿಸಿಕೊಂಡು, ಕೆಲವು ಮಾತುಗಳನ್ನು ಆಡಬೇಕೆಂದಿದ್ದೇನೆ.

ಒಡೆತನ, ಒಕ್ಕಲುತನಗಳ ವ್ಯವಹಾರವು ಈ ಕರಾವಳಿಗೆ ಹೊಸತಲ್ಲ. ತಲೆತಲಾಂತರಕ್ಕೂ ಕದಲಿಸಲಾಗದ ಹಕ್ಕನ್ನು ಕೊಡುತ್ತಿದ್ದ ಮೂಲಗೇಣಿ, ಒಡೆಯರ ಚಿತ್ತವು ತಿರುಗಿದ ವರ್ಷ ಕೈಬಿಟ್ಟುಹೋಗಬಹುದಾಗಿದ್ದ ಚಾಲಗೇಣಿ, ಇವೆರಡರ ನಡುವೆ ನಮ್ಮ ಹಿರಿಯರು ಬಾಳನ್ನು ಸವೆಸಿದರು. ಗೇಣಿಯ ಅಕ್ಕಿಯನ್ನು ಮುಡಿ ಕಟ್ಟಿ ಒಡೆಯರ ಚಾವಡಿಗೆ ಮುಟ್ಟಿಸಿದರು. ಆ ಕಾಲದಲ್ಲಿ ಒಕ್ಕಲು ಇನ್ನೊಂದು ದನವನ್ನು ಹಟ್ಟಿಗೆ ತಂದು ಕಟ್ಟುವುದಕ್ಕೆ ಯಾರ ಅನುಜ್ಞೆಯನ್ನೂ ಕೇಳುತ್ತಿರಲಿಲ್ಲ. ಕೇಳಿದ್ದರೂ ಒಡೆಯರು ಹಿಗ್ಗುತ್ತಿದ್ದರೇ ಹೊರತು ಹುಬ್ಬುಗಂಟಿಕ್ಕುತ್ತಿರಲಿಲ್ಲ. ಏಕೆಂದರೆ ಹಟ್ಟಿಯಲ್ಲಿ ಒಂದು ದನ ಹೆಚ್ಚಾದರೆ ಗದ್ದೆಗೆ ಗೊಬ್ಬರ ಹೆಚ್ಚಾಯಿತು, ಗೊಬ್ಬರ ಹೆಚ್ಚಾದರೆ ಬೆಳೆ ಹೆಚ್ಚಾಯಿತು, ಬೆಳೆ ಹೆಚ್ಚಾದರೆ ಗೇಣಿಯು ಬಾಕಿಯಾಗದೆ ಸಂದಿತು. ಒಕ್ಕಲಿನ ಪ್ರಾಣಿಗಳೇ ಅವನ ಯೋಗ್ಯತೆಯ ಪ್ರಮಾಣವಾಗಿದ್ದವು. 1974ನೆಯ ಇಸವಿಯ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿಯು ಜಾರಿಗೆ ಬಂದು, ಒಕ್ಕಲುಗಳು ಡಿಕ್ಲರೇಶನ್ ಹಾಕಿ ಭೂನ್ಯಾಯ ಮಂಡಳಿಗಳ ಮುಂದೆ ನಿಂತು ತಾವು ಉತ್ತ ಗದ್ದೆಗಳಿಗೆ ತಾವೇ ಒಡೆಯರಾದ ಮೇಲೆ, ಆ ಸಂಬಂಧವು ಕೊನೆಗೊಂಡಿತು. ಈಗ ಉಳಿದಿರುವುದು ಪೇಟೆಯ ಬಾಡಿಗೆಯ ಮನೆ. ಇಲ್ಲಿ ಪ್ರಾಣಿಯು ಒಡೆಯನಿಗೆ ಏನನ್ನೂ ತಂದುಕೊಡುವುದಿಲ್ಲ, ಬಾಗಿಲನ್ನು ಕೆರೆಯುತ್ತದೆ, ಗೋಡೆಯ ಬುಡವನ್ನು ತೋಯಿಸುತ್ತದೆ, ರಾತ್ರಿ ಬೊಗಳುತ್ತದೆ. ಹಿಂದೆ ಗುಣವೆನಿಸಿದ್ದು ಈಗ ದೋಷವೆನಿಸಿರುವುದು ಆಶ್ಚರ್ಯವೇನೂ ಅಲ್ಲ. ಗೇಣಿಗೆ ಕೊಟ್ಟ ಭೂಮಿ ಮರಳಿ ಬಾರದೆ ಹೋದುದರ ನೆನಪು ಕೆಲವು ಮನೆತನಗಳಲ್ಲಿ ಇನ್ನೂ ಆರಿಲ್ಲದಿರುವುದರಿಂದ, ಬಾಡಿಗೆಯವನು ಬೇರನ್ನು ಇಳಿಸುವ ಯಾವ ಲಕ್ಷಣವನ್ನು ಕಂಡರೂ ಅವರು ಬೆದರುತ್ತಾರೆಂಬುದು ನನ್ನ ಊಹೆ. ಸಾಕಿದ ಪ್ರಾಣಿಗಳು ಹೆಚ್ಚುವುದು ಅಂತಹ ಲಕ್ಷಣಗಳಲ್ಲಿ ಒಂದು.

ಪ್ರಾಣಿಯಿದ್ದು ನೆಲೆಯಿಲ್ಲದವನ ಸಂಕಟವನ್ನು ನಮ್ಮವರೇ ಆದ ಒಬ್ಬರು ಮರೆಯಲಾಗದಂತೆ ಬರೆದಿಟ್ಟಿದ್ದಾರೆ. 1902ರಲ್ಲಿ ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಪ್ರಕಟವಾಯಿತು. ಅದರ ನಾಯಕನಲ್ಲಿ ಸ್ವಂತವಾಗಿ ಸಾಕಿ ಬೆಳೆಸಿದ ಜೋಡಿ ಎತ್ತುಗಳಿದ್ದುವು, ಬೆನ್ನಿಗಂಟಿದ ಒಂದು ನಾಯಿಯಿತ್ತು. ಎತ್ತುಗಳನ್ನು ಹೂಡುವುದಕ್ಕೆ ಒಂದು ತುಂಡು ಗೇಣಿಯ ಗದ್ದೆ ಮಾತ್ರ ಇರಲಿಲ್ಲ. ಅಲ್ಲಿ ಅಡ್ಡಬಂದದ್ದು ಜಾತಿಯ ಕ್ರೌರ್ಯ. ಅದರ ಪಕ್ಕದಲ್ಲಿ ಇಂದಿನ ಬಾಡಿಗೆಯ ತಕರಾರನ್ನು ನಿಲ್ಲಿಸಿದರೆ ಅದು ಕ್ಷುಲ್ಲಕವಾಗಿಯೇ ಕಾಣುವುದು ಸರಿ. ಆದರೂ ಒಂದು ಪ್ರಾಣಿಯು ಎಲ್ಲಿ ನಿಲ್ಲಬೇಕೆಂಬುದು ಅದನ್ನು ಸಾಕಿದವನ ಪ್ರೀತಿಯಿಂದಲ್ಲ, ನೆಲವುಳ್ಳ ಇನ್ನೊಬ್ಬನ ಬಾಯಿಮಾತಿನಿಂದ ನಿರ್ಣಯವಾಗುವ ಸ್ಥಿತಿ ಎಷ್ಟು ಬಿಗಿಯಾದದ್ದೆಂಬುದನ್ನು ಮನೆಯುಳ್ಳವರು ತಿಳಿಯಬೇಕಾದರೆ ಆ ಪುಸ್ತಕವನ್ನು ಓದಬಹುದು.

ಇಂದು ನಮ್ಮ ಪೇಟೆಗಳಲ್ಲಿ ಬಾಡಿಗೆಗೆ ಬರುವವರು ಯಾರು? ಬ್ಯಾಂಕುಗಳು ಹುಟ್ಟಿ ದೇಶವ್ಯಾಪಿಯಾಗಿ ಬೆಳೆದ ಜಿಲ್ಲೆ ನಮ್ಮದು. 1906ರಲ್ಲಿ ಉಡುಪಿಯಲ್ಲಿ ಆರಂಭವಾದ ಕಾರ್ಪೊರೇಶನ್ ಬ್ಯಾಂಕೂ 1925ರಲ್ಲಿ ಅದೇ ಊರಿನಲ್ಲಿ ತಲೆಯೆತ್ತಿದ ಸಿಂಡಿಕೇಟ್ ಬ್ಯಾಂಕೂ 2020ರ ಏಪ್ರಿಲ್ 1ರಂದು ಬೇರೆ ಹೆಸರುಗಳಲ್ಲಿ ಲೀನವಾಗಿ ಹೋದುವಾದರೂ, ವರ್ಗಾವಣೆಯ ಚಕ್ರ ನಿಂತಿಲ್ಲ. ಬ್ಯಾಂಕಿನ ನೌಕರ, ಕಾಲೇಜಿನ ಅಧ್ಯಾಪಕಿ, ಕೊಂಕಣ ರೈಲ್ವೆಯ ಸಿಬ್ಬಂದಿ, ಬ್ರಹ್ಮಾವರದಲ್ಲಿ ಮನೆಮಾಡಿಕೊಂಡು ಮಣಿಪಾಲಕ್ಕೆ ದಿನವೂ ಹೋಗಿಬರುವ ದಾದಿ, ಇವರೆಲ್ಲ ಸಾಮಾನುಗಳೊಡನೆ ಪ್ರಾಣಿಗಳನ್ನೂ ತರುತ್ತಾರೆ. ಮನೆಯೊಡೆಯರಾದರೋ ಬಹುಮಟ್ಟಿಗೆ ಊರಿನಲ್ಲಿಲ್ಲ. ಬೆಂಗಳೂರಿನಲ್ಲಿ ಹೋಟೆಲನ್ನೋ, ಮುಂಬಯಿಯಲ್ಲಿ ಉದ್ಯೋಗವನ್ನೋ, ಕೊಲ್ಲಿಯ ದೇಶಗಳಲ್ಲಿ ಸಂಬಳವನ್ನೋ ಹಿಡಿದುಕೊಂಡು, ಊರ ಮನೆಯನ್ನು ಬಾಡಿಗೆಗೆ ಕೊಟ್ಟಿರುತ್ತಾರೆ. ಆದುದರಿಂದ ಈ ವಿಜ್ಞಾಪನೆ ಬರುವುದು ಜಗಲಿಯ ಮೇಲಲ್ಲ, ದೂರವಾಣಿಯಲ್ಲಿ. ಅದೂ ಹೋಟೆಲಿನಲ್ಲಿ ಗಿರಾಕಿಗಳ ಗದ್ದಲವಿರುವ ಹೊತ್ತಿನಲ್ಲಿ. "ಹ್ವಾಯ್, ಇನ್ನೊಂದ್ ಮರಿ ಸಾಕ್ಕಂಡ್ರ್ ಅಕ್ಕಾ?" ಎಂದು ಈ ಕಡೆಯಿಂದ ಪ್ರಶ್ನೆ. "ಕಾಂಬ" ಎಂದು ಆ ಕಡೆಯಿಂದ ಉತ್ತರ. ಕೇಳಿದವನು ಅದನ್ನು ಒಪ್ಪಿಗೆಯೆಂದು ತಿಳಿಯುತ್ತಾನೆ. ಹೇಳಿದವನು ತಾನು ಒಪ್ಪಲಿಲ್ಲವೆಂದು ನೆನಪಿಡುತ್ತಾನೆ. ಆರು ತಿಂಗಳ ಮೇಲೆ ಊರಿಗೆ ಬಂದು ಅಂಗಳದಲ್ಲಿ ಎರಡು ನಾಯಿಗಳನ್ನು ಕಂಡಾಗ ವಿವಾದವು ಹುಟ್ಟುತ್ತದೆ. ನಾನು ಕಂಡ ಮಟ್ಟಿಗೆ, ಇಂತಹ ಕಲಹಗಳಲ್ಲಿ ಬಹುಪಾಲಿಗೆ ಪ್ರಾಣಿಯ ಸ್ವಭಾವವಲ್ಲ, ಆ ಒಂದು ಅಸ್ಪಷ್ಟವಾದ ಉತ್ತರವೇ ಮೂಲ.

ಹಾಗಾದರೆ ಸ್ಪಷ್ಟವಾಗಿ ಉತ್ತರ ಕೊಡಬೇಕಾದವನು ಮೊದಲು ನೋಡಬೇಕಾದುದೇನು? ಹೊಸ ಪ್ರಾಣಿಯನ್ನಲ್ಲ, ಹಳೆಯದನ್ನು. ಮೊದಲನೆಯ ಬಾರಿಗೆ ಅನುಮತಿಯನ್ನು ಕೊಡುವಾಗ ಒಡೆಯನು ಅಪರಿಚಿತನ ಮಾತನ್ನು ನಂಬಬೇಕಾಗಿತ್ತು. ಎರಡನೆಯ ಬಾರಿಗೆ ಹಾಗಲ್ಲ, ಒಂದೆರಡು ವರ್ಷಗಳ ನಡತೆಯೇ ಸಾಕ್ಷಿಯಾಗಿ ಕಣ್ಣೆದುರಿಗಿದೆ. ಇದ್ದ ನಾಯಿಗೆ ವರ್ಷವರ್ಷವೂ ರೇಬೀಸ್ ಚುಚ್ಚುಮದ್ದನ್ನು ಹಾಕಿಸಿ ಪಶುವೈದ್ಯರ ಪುಸ್ತಿಕೆಯನ್ನು ಇರಿಸಿಕೊಂಡಿದ್ದಾನೆಯೇ, ನೆರೆಮನೆಯ ಮುದುಕಿ ಅದನ್ನು ಹೆಸರು ಹಿಡಿದು ಕರೆಯುತ್ತಾಳೆಯೇ ಅಥವಾ ಅದರ ಮಾತೆತ್ತಿದೊಡನೆ ಮುಖ ತಿರುಗಿಸುತ್ತಾಳೆಯೇ, ಹಲಸಿನ ಮರದ ಬಾಗಿಲಿನ ಕೆಳಭಾಗ ಹೇಗಿದೆ, ಕಾವಿನೆಲದ ಹೊಳಪು ಉಳಿದಿದೆಯೇ, ಮನೆಯವರು ಮದುವೆಗೆಂದು ಊರಿಗೆ ಹೋದ ದಿನಗಳಲ್ಲಿ ಅದಕ್ಕೆ ಅನ್ನ ನೀರು ಹಾಕಿದವರು ಯಾರು, ಇವನ್ನು ತಿಳಿದುಕೊಂಡವನಿಗೆ ಎರಡನೆಯ ಮರಿಯ ಜಾತಿ, ಬಣ್ಣ, ತೂಕಗಳನ್ನು ವಿಚಾರಿಸುವ ಅವಶ್ಯವೇ ಬಾರದು. ಒಂದನ್ನು ಚೆನ್ನಾಗಿ ಸಾಕಿದವನು ಎರಡನ್ನು ಸಾಕಬಲ್ಲನೆಂಬುದು ಬಹುಮಟ್ಟಿಗೆ ನಿಜ. ಒಂದನ್ನು ಹಗಲಿಡೀ ಕಿಟಕಿಯ ಸರಳಿಗೆ ಕಟ್ಟಿಹಾಕಿ ಕಚೇರಿಗೆ ಹೋಗುವವನು, ಅದರ ಒಂಟಿತನವನ್ನು ಕಳೆಯಲೆಂದು ಎರಡನೆಯದನ್ನು ತಂದರೆ, ಬೊಗಳುವ ಬಾಯಿಗಳು ಎರಡಾಗುತ್ತವೆ, ಅಷ್ಟೆ.

ಆ ಬಳಿಕ ಮನೆಯ ಶಕ್ತಿಯನ್ನು ನೋಡಬೇಕು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ ಸುರಿಯುವ ನಾಡು ಇದು. ಜೂನಿನಿಂದ ಸೆಪ್ಟೆಂಬರಿನವರೆಗೆ ನಾಯಿಯು ಅಂಗಳದಲ್ಲಿರುತ್ತದೆ ಎಂಬ ಮಾತಿಗೆ ಅರ್ಥವಿಲ್ಲ. ಅದು ಒಳಗೇ ಇರುತ್ತದೆ, ತೊಯ್ದ ಮೈಯನ್ನು ಚಾವಡಿಯಲ್ಲಿ ಕೊಡಹುತ್ತದೆ, ಅದರ ಹಾಸುಬಟ್ಟೆ ಒಣಗುವುದಿಲ್ಲ. ಒಂದು ಸಣ್ಣ ನಾಯಿಯ ಮಟ್ಟಿಗೆ ಸಹಿಸಬಹುದಾದ ವಾಸನೆಯು ಎರಡಾದಾಗ ಗೋಡೆಗೆ ಹಿಡಿಯುತ್ತದೆ, ಉಣ್ಣಿಗಳು ಬಾಗಿಲಿನ ಸಂದುಗಳಲ್ಲಿ ಮನೆಮಾಡುತ್ತವೆ. ಇಲಿಗಳು ಹೆಚ್ಚಾಗಿರುವ ಕಡೆ ಇಲಿಜ್ವರದ ಭಯವೂ ಉಂಟು. ನಾಯಿಗೂ ಅದು ತಗಲುತ್ತದೆ, ನಾಯಿಯ ಮೂತ್ರದಿಂದ ಮನುಷ್ಯನಿಗೂ ತಗಲಬಲ್ಲುದು, ಅದಕ್ಕೆಂದು ನಾಯಿಗೆ ಬೇರೆಯೇ ಲಸಿಕೆಯಿದೆ. ಹಿತ್ತಿಲಲ್ಲಿ ಕಟ್ಟೆಯಿಲ್ಲದ ಬಾವಿಯಿದ್ದರೆ ಬಲೆಯನ್ನು ಹೊದಿಸುವ ಖರ್ಚು ಯಾರದೆಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ಮನೆಯು ಹಾಡಿಯ ಅಂಚಿನಲ್ಲಿದ್ದರಂತೂ ಇನ್ನೊಂದು ವಿಚಾರವುಂಟು: ನಮ್ಮ ಹಳ್ಳಿಗಳಿಗೆ ಚಿರತೆಯು ಇಳಿಯುವುದು ಬಹುಶಃ ನಾಯಿಗಳ ಆಸೆಯಿಂದಲೇ. ರಾತ್ರಿಯ ಹೊತ್ತು ಜಗಲಿಯ ಕಂಬಕ್ಕೆ ಸರಪಳಿಯಿಂದ ಕಟ್ಟಿದ ನಾಯಿಯು ಕಾವಲುಗಾರನಲ್ಲ, ಕರೆಯೋಲೆ. ಅಂತಹ ಮನೆಯಲ್ಲಿ ಎರಡು ನಾಯಿಗಳಿಗೆ ಒಪ್ಪಿಗೆ ಕೊಡುವವನು ಕತ್ತಲಾದ ಮೇಲೆ ಅವು ಬಾಗಿಲ ಒಳಗಡೆ ಮಲಗಬೇಕೆಂಬ ಷರತ್ತನ್ನು ಹಾಕಲೇಬೇಕು.

ಪ್ರಾಣಿಯ ಬಗೆಯೂ ಗಮನಾರ್ಹ. ಹೆಣ್ಣು ಬೆಕ್ಕು ಆರು ತಿಂಗಳು ತುಂಬುವ ಮೊದಲೇ ಬಸಿರಾಗಬಲ್ಲುದು. ಬಸಿರು ಸುಮಾರು ಒಂಬತ್ತು ವಾರ. ಆದುದರಿಂದ ಸಂತಾನಹರಣದ ಚಿಕಿತ್ಸೆಯಾಗದ ಬೆಕ್ಕಿಗೆ ಕೊಟ್ಟ ಒಪ್ಪಿಗೆಯು ಒಂದು ಬೆಕ್ಕಿಗೆ ಕೊಟ್ಟ ಒಪ್ಪಿಗೆಯಾಗಿ ಉಳಿಯುವುದಿಲ್ಲ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವೆನೆಂಬವನ ಬೇಡಿಕೆ ನಿರುಪದ್ರವಿಯೆಂದು ತೋರುತ್ತದೆ. ಒಂದು ನೂರು ಲೀಟರು ನೀರು ಒಂದು ನೂರು ಕಿಲೋಗ್ರಾಂ ತೂಗುತ್ತದೆಂಬುದನ್ನು, ಹಂಚಿನ ಮಾಡಿನ ಹಳೆಯ ಮನೆಯ ಮರದ ಉಪ್ಪರಿಗೆಯನ್ನು ಬಾಡಿಗೆಗೆ ಕೊಟ್ಟವರು ಮರೆಯಬಾರದು. ಗಿಳಿಯನ್ನು ಪಂಜರದಲ್ಲಿಡುವೆನೆಂದವನಿಗೆ ಒಡೆಯನು ಯೋಚಿಸಬೇಕಾದುದೇ ಇಲ್ಲ. ನಮ್ಮ ನಾಡಿನ ಗಿಳಿಗಳನ್ನೂ ನಕ್ಷತ್ರ ಆಮೆಯನ್ನೂ ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಇನ್ನು, ಊಟಕ್ಕೂ ಅಲ್ಲದ, ಮೊಟ್ಟೆಗೂ ಅಲ್ಲದ, ಬಲು ಮುದ್ದಿನಿಂದ ಒಂದೊಂದೇ ಬುಟ್ಟಿಯಲ್ಲಿ ಬೇರೆಬೇರೆಯಾಗಿ ಕವುಚಿಟ್ಟ ಹುಂಜಗಳ ಸಂಖ್ಯೆ ಹೆಚ್ಚುತ್ತಿದ್ದರೆ, ಅವು ಸಾಕುಪ್ರಾಣಿಗಳೆಂಬ ಸಮಾಧಾನವನ್ನು ನಂಬುವುದಕ್ಕೆ ಮೊದಲು ಹತ್ತಿರದಲ್ಲಿ ಎಲ್ಲಿ ಕೋಳಿ ಅಂಕ ನಡೆಯುವುದೆಂದು ವಿಚಾರಿಸುವುದು ಕ್ಷೇಮ. ಅದಕ್ಕೂ ಕಾನೂನಿನ ನಿಷೇಧವಿದೆ.

ಇಲ್ಲಿ ಒಂದು ಅಪ್ರಿಯವಾದ ಮಾತನ್ನು ಆಡಬೇಕಾಗಿದೆ. ಬೆಕ್ಕಿನ ಬೇಡಿಕೆಯು ಕೆಲವು ಮನೆಗಳಲ್ಲಿ ಬೆಕ್ಕಿನ ಕಾರಣದಿಂದ ತಿರಸ್ಕೃತವಾಗುವುದಿಲ್ಲ, ಮೀನಿನ ಕಾರಣದಿಂದ ತಿರಸ್ಕೃತವಾಗುತ್ತದೆ. ಗಂಗೊಳ್ಳಿಯ ಬಂದರಿನಿಂದ ಬೂತಾಯಿ, ಬಂಗುಡೆಗಳು ಬೆಳಗಾಗುವಷ್ಟರಲ್ಲಿ ಮನೆಬಾಗಿಲಿಗೆ ಬರುವ ಈ ಪ್ರದೇಶದಲ್ಲಿ, ಬಾಡಿಗೆದಾರರ ಆಹಾರವನ್ನೂ ಕುಲವನ್ನೂ ವಿಚಾರಿಸಿ ಮನೆ ಕೊಡುವವರು ಇದ್ದೇ ಇದ್ದಾರೆ; ಬೇಳೆ ಸಾರಿನವರೆಂದು ತಿಳಿದು ಒಳಗೆ ಬಿಟ್ಟುಕೊಂಡ ಕುಟುಂಬವು ಬೆಕ್ಕಿನ ನೆವದಿಂದ ಹೊಸ್ತಿಲೊಳಗೆ ಮೀನನ್ನು ತರುವುದೆಂಬ ಶಂಕೆ ಅವರನ್ನು ಕಾಡುತ್ತದೆ. ಮನೆ ಅವರದು, ಆಚಾರವೂ ಅವರದು, ನಿಜ. ಆದರೆ ಶುಚಿತ್ವ, ಗದ್ದಲ, ರೋಗಗಳ ಹೆಸರನ್ನು ಮುಂದೆ ಮಾಡಿ ಒಳಗಿನ ಕಾರಣವನ್ನು ಬಚ್ಚಿಡುವುದು ಯೋಗ್ಯವಲ್ಲ. ಬಚ್ಚಿಟ್ಟ ಕಾರಣಕ್ಕೆ ಪರಿಹಾರವನ್ನು ಹುಡುಕಲು ಎದುರಿನವನಿಂದ ಸಾಧ್ಯವಾಗುವುದಿಲ್ಲ. ಬಿಚ್ಚಿ ಹೇಳಿದರೆ, ಬೆಕ್ಕಿಗೆ ಹಿತ್ತಿಲ ಕೊಟ್ಟಿಗೆಯಲ್ಲಿ ಬಡಿಸುವ ಏರ್ಪಾಡಾದರೂ ಆದೀತು.

ಸಂಖ್ಯೆಗೆ ಒಂದು ಮಿತಿಯನ್ನು ಗೊತ್ತುಮಾಡಿಬಿಟ್ಟರೆ ಎಲ್ಲವೂ ಸುಲಭವಲ್ಲವೇ ಎಂದು ಕೇಳಬಹುದು. ಬೆಂಗಳೂರಿನ ಮಹಾನಗರ ಪಾಲಿಕೆಯು 2018ರಲ್ಲಿ ಇಂತಹ ಯತ್ನವನ್ನು ಮಾಡಿತು: ಫ್ಲ್ಯಾಟಿಗೆ ಒಂದೇ ನಾಯಿ, ಸ್ವತಂತ್ರವಾದ ಮನೆಗೆ ಮೂರು, ಅದಕ್ಕಿಂತ ಹೆಚ್ಚು ಸಲ್ಲದು ಎಂಬ ಉಪನಿಯಮ. ಸಾಕುವವರ ಪ್ರತಿಭಟನೆಯು ಎಷ್ಟು ಪ್ರಬಲವಾಯಿತೆಂದರೆ ಅದನ್ನು ಬೇಗನೆ ಹಿಂದೆಗೆದುಕೊಳ್ಳಬೇಕಾಯಿತು. ಅದಕ್ಕೆ ಮೊದಲೇ, 2015ರಲ್ಲಿ, ಭಾರತದ ಪ್ರಾಣಿ ಕಲ್ಯಾಣ ಮಂಡಳಿಯು, ವಸತಿ ಸಮುಚ್ಚಯಗಳ ಸಂಘಗಳು ಬಹುಮತದಿಂದ ಠರಾವು ಮಾಡಿದರೂ ಸಾಕುಪ್ರಾಣಿಗಳನ್ನು ನಿಷೇಧಿಸಲಾಗದೆಂಬ ಮಾರ್ಗಸೂಚಿಯನ್ನು ಹೊರಡಿಸಿತ್ತು. ಆದರೆ ಸಂಘದ ಠರಾವು ಬೇರೆ, ಒಡೆಯ ಮತ್ತು ಬಾಡಿಗೆದಾರರು ತಾವಾಗಿ ಒಪ್ಪಿ ರುಜು ಹಾಕಿದ ಕರಾರು ಬೇರೆ. ಇವೆರಡನ್ನು ಬೆರೆಸಿ ವಾದಿಸುವವರನ್ನು ನಾನು ಬಲ್ಲೆ. ಅಂಕೆಯ ಮಿತಿಯಲ್ಲಿ ನನಗೆ ಹೆಚ್ಚಿನ ವಿಶ್ವಾಸವಿಲ್ಲ. ಎರಡು ಮುದಿ ನಾಯಿಗಳು ಒಂದು ಎಳೆಯ ಬೇಟೆನಾಯಿಗಿಂತ ಮನೆಗೆ ಹಗುರ.

ಕಾಯಿದೆಯ ಮಾತು ಬಂದುದರಿಂದ ಇಷ್ಟನ್ನು ಹೇಳಿಬಿಡುತ್ತೇನೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣವು, ವ್ಯತಿರಿಕ್ತವಾದ ಕರಾರಿಲ್ಲದಾಗ ಒಡೆಯ ಮತ್ತು ಬಾಡಿಗೆದಾರರ ಹಕ್ಕುಬಾಧ್ಯತೆಗಳೇನೆಂಬುದನ್ನು ಹೇಳುತ್ತದೆ. ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತದ ಸ್ವತ್ತನ್ನು ಹೇಗೆ ಬಳಸುವನೋ ಹಾಗೆ ಬಳಸಬಹುದು, ಶಾಶ್ವತವಾದ ಹಾನಿಯನ್ನು ಮಾಡಕೂಡದು, ಸಹಜವಾದ ಸವೆತವನ್ನು ಬಿಟ್ಟು ಉಳಿದಂತೆ ಪಡೆದ ಸ್ಥಿತಿಯಲ್ಲಿಯೇ ಮರಳಿಸಬೇಕು ಎಂಬುದು ಅದರ ತಾತ್ಪರ್ಯ. ನಾಯಿಯ ಉಗುರಿನಿಂದ ನೆಲದ ಹೊಳಪು ಮಂಕಾದರೆ ಅದು ಸವೆತವೇ, ಹಾನಿಯೇ ಎಂಬುದರ ಮೇಲೆ ಇಬ್ಬರು ವಕೀಲರು ಇಡೀ ಮಧ್ಯಾಹ್ನ ವಾದಿಸಬಲ್ಲರು. ಆದುದರಿಂದ ನಮ್ಮಲ್ಲಿ ರೂಢಿಯಾಗಿರುವ ಹನ್ನೊಂದು ತಿಂಗಳ ಕರಾರುಪತ್ರದ ಹಿಂಬದಿಯಲ್ಲಿ ಅಥವಾ ಪ್ರತ್ಯೇಕವಾದ ಒಂದು ಹಾಳೆಯಲ್ಲಿ, ಯಾವ ಪ್ರಾಣಿ, ಲಸಿಕೆಯ ದಾಖಲೆ ಎಲ್ಲಿದೆ, ಸಂತಾನಹರಣವಾಗಿದೆಯೇ, ಬಾಗಿಲು, ನೆಲ, ಸೊಳ್ಳೆಬಲೆಗಳಿಗೆ ಹಾನಿಯಾದರೆ ಯಾರು ಸರಿಪಡಿಸಬೇಕು, ಮುಂಗಡಕ್ಕೆ ಎಷ್ಟನ್ನು ಕೂಡಿಸಲಾಗಿದೆ ಎಂಬುದನ್ನು ಬರೆದು ಇಬ್ಬರೂ ರುಜು ಹಾಕಬೇಕು. ಅದೇ ದಿನ ನೆಲದ ಮತ್ತು ಬಾಗಿಲುಗಳ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಂಡರೆ ಕೊನೆಯ ದಿನದ ಲೆಕ್ಕಾಚಾರ ಹಗುರವಾಗುತ್ತದೆ. ಮುಂಗಡವನ್ನು ಹೆಚ್ಚಿಸುವಲ್ಲಿ ಅತ್ಯಾಶೆ ಸಲ್ಲದು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಬೇಡವೆಂದು ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯಿದೆಯು ಸೂಚಿಸಿದೆ. ಅದು ಮಾದರಿಯೇ ಆದರೂ, ಬೆಕ್ಕಿನ ಮರಿಯೊಂದಕ್ಕೆ ಮೂರು ತಿಂಗಳ ಬಾಡಿಗೆಯನ್ನು ಹೆಚ್ಚುವರಿಯಾಗಿ ಕೇಳುವವರು ಅದನ್ನೊಮ್ಮೆ ಓದಬೇಕು.

ನಿರಾಕರಣೆಯ ಸಮಯವನ್ನು ಕುರಿತು ನಾನು ಹೆಚ್ಚು ಒತ್ತಿ ಹೇಳಬಯಸುತ್ತೇನೆ. ಪ್ರಾಣಿಯು ಮನೆಗೆ ಬರುವುದಕ್ಕೆ ಮೊದಲು 'ಬೇಡ' ಎಂದರೆ ನೋಯುವವರು ಮನುಷ್ಯರು ಮಾತ್ರ, ಅದೂ ಎರಡು ದಿನ. ಬಂದು, ಹೆಸರಿಟ್ಟು, ಮಕ್ಕಳ ಹಾಸಿಗೆಯ ಬಳಿ ಮಲಗಿ ಆರು ತಿಂಗಳಾದ ಮೇಲೆ 'ಬೇಡ' ಎಂದರೆ ಆ ನಿರ್ಣಯದ ಭಾರವನ್ನು ಹೊರುವುದು ಪ್ರಾಣಿ. ಮೀನುಮಾರುಕಟ್ಟೆಯ ಹಿಂದೆ, ದೇವಸ್ಥಾನದ ರಥಬೀದಿಯಲ್ಲಿ, ಹೆದ್ದಾರಿ 66ರ ಸೇತುವೆಯ ತುದಿಯಲ್ಲಿ, ಕುತ್ತಿಗೆಯ ಪಟ್ಟಿಯೂ ಬಿಚ್ಚದೆ ಅಲೆಯುವ ನಾಯಿಗಳನ್ನು ಕಂಡಾಗ, ಯಾವುದೋ ಮನೆಯ ಕರಾರು ಅಂದು ಮುಗಿದಿರಬಹುದೆಂದು ನನಗೆ ತೋರುತ್ತದೆ. ಹೀಗೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ದಂಡನೀಯ. 1952ರಲ್ಲಿ ರಾಜ್ಯಸಭೆಯ ಸದಸ್ಯೆಯಾದ, ಭರತನಾಟ್ಯದ ಪುನರುದ್ಧಾರಕ್ಕಾಗಿ ಜಗತ್ತೇ ಬಲ್ಲ ರುಕ್ಮಿಣಿದೇವಿ ಅರುಂಡೇಲರ ಹೋರಾಟದಿಂದ ಹುಟ್ಟಿಬಂದ ಕಾಯಿದೆ ಅದು. ಆದರೆ ಮೊದಲ ಅಪರಾಧಕ್ಕೆ ಅದು ವಿಧಿಸುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಕುಂದಾಪುರದವರ ಬೆಂಗಳೂರು ಹೋಟೆಲುಗಳಲ್ಲಿ ಒಂದು ಮಸಾಲೆದೋಸೆಗೂ ಸಾಲದ ಈ ಮೊತ್ತವನ್ನು ನಂಬಿಕೊಂಡು ಯಾವ ಪ್ರಾಣಿಯೂ ಬದುಕಲಾರದು. ತಡವಾಗಿ ನಿರಾಕರಿಸಲೇಬೇಕಾಗಿ ಬಂದ ಒಡೆಯನು, ಬೇರೆ ಆಶ್ರಯವನ್ನು ಹುಡುಕಲು ಎರಡು ಮೂರು ತಿಂಗಳ ಅವಧಿಯನ್ನು ಕೊಡಬೇಕು. ಮಳೆಗಾಲದ ನಡುವೆ ಗಡುವನ್ನು ಇಡಕೂಡದು.

ಬಾಡಿಗೆದಾರರ ಕರ್ತವ್ಯವನ್ನು ಹೇಳಲು ದೀರ್ಘವಾದ ಮಾತು ಬೇಡ. ಕೇಳಿ ತನ್ನಿ, ತಂದು ಕೇಳಬೇಡಿ. ಒಡೆಯರ ತಮ್ಮನಿಗೆ ಹೇಳಿದ್ದೆ, ಪಕ್ಕದಂಗಡಿಯವರಿಗೆ ಗೊತ್ತಿತ್ತು ಎಂಬ ಸಬೂಬು ನಿಲ್ಲುವುದಿಲ್ಲ. ನೆರೆಯವರು ನಿಮಗಿಂತ ಮೊದಲು ಒಡೆಯರಿಗೆ ಸುದ್ದಿಯನ್ನು ಮುಟ್ಟಿಸಿಯೇ ತೀರುತ್ತಾರೆ, ಆ ಸುದ್ದಿಯಲ್ಲಿ ನಿಮ್ಮ ಎರಡು ಬೆಕ್ಕುಗಳು ಐದಾಗಿರುತ್ತವೆ.

ಕೊನೆಗೆ ಉಳಿದಿರುವುದು, ಕರಾರುಗಳಲ್ಲಿ ಯಾರೂ ಬರೆಯದ ಒಂದು ಪ್ರಸಂಗ. ಒಪ್ಪಿಗೆ ಪಡೆದ ನಾಯಿಯು ಮುಪ್ಪಾಗಿ ಸತ್ತುಹೋಗುತ್ತದೆ. ಮನೆಯವರು ಕೆಲವು ತಿಂಗಳು ಸುಮ್ಮನಿದ್ದು ಇನ್ನೊಂದನ್ನು ತರಲು ಬಯಸುತ್ತಾರೆ. ಇದು ಹೆಚ್ಚುವರಿ ಪ್ರಾಣಿಯೇ, ಇದ್ದುದರ ಸ್ಥಾನಕ್ಕೆ ಬಂದುದೇ? ಒಪ್ಪಿಗೆಯನ್ನು ಅಂಕೆಗೆ ಕೊಟ್ಟಿದ್ದರೆ ಕೇಳಬೇಕಾದುದಿಲ್ಲ. ಇಂತಹ ಪ್ರಾಣಿಗೆಂದು ಕೊಟ್ಟಿದ್ದರೆ ಕೇಳಬೇಕು. ನಾನಾದರೆ ಪ್ರಾಣಿಗೆಂದೇ ಬರೆಯಿಸುತ್ತೇನೆ. ಮುದಿಯಾಗಿ ಶಾಂತವಾಗಿದ್ದ ಊರನಾಯಿಯ ಜಾಗಕ್ಕೆ ಒಂದು ಎಳೆಯ ಆಲ್ಸೇಶಿಯನ್ ಬರುವುದು ಸಣ್ಣ ಬದಲಾವಣೆಯಲ್ಲ. ಆದರೆ ಆಗ ಹೊಸ ಮುಂಗಡವನ್ನು ಕೇಳಬಾರದು, ಬಾಡಿಗೆಯನ್ನು ಏರಿಸಲು ಅದನ್ನು ನೆವಮಾಡಬಾರದು. ಹಳೆಯ ಹಾಳೆಯಲ್ಲಿ ನಾಯಿಯ ವಿವರವನ್ನು ಹೊಡೆದುಹಾಕಿ, ಹೊಸದರ ವಯಸ್ಸನ್ನೂ ಲಸಿಕೆಯ ದಿನಾಂಕವನ್ನೂ ಬರೆದು, ಇಬ್ಬರೂ ಪಕ್ಕದಲ್ಲಿ ಮತ್ತೊಮ್ಮೆ ರುಜು ಹಾಕಿದರೆ ಸಾಕು.